ಕರಿಯಯ್ಯನ ಹಾಜರಿ

ನಮ್ಮ ಸಂಘದ ಕೊಠಡಿಗೆ ಬೀಗ ಜಡಿಸಿದ ಮಾನ್ಯ ಅಧಿಕಾರಿಗಳೇ,

ಸತ್ತವರಿಂದ ಹಾಜರಿ ಹಾಕಿಸಿ ಸರ್ಕಾರವನ್ನು ವಂಚಿಸಿದ್ದೇವೆಂದು ತಾವು ನಮಗೆ ನೋಟಿಸು ಕೊಟ್ಟಿದ್ದೀರಿ. ಹುಣಸೂರಿನ ಹಳೆಯ ಹಾಸ್ಟೆಲ್ ಕಟ್ಟಡದಲ್ಲಿದ್ದ ನಮ್ಮ ಕೊಠಡಿಗೆ ಬೀಗವನ್ನೂ ಹಾಕಿಸಿದ್ದೀರಿ. ಆರೋಪದ ಮೊದಲರ್ಧ ನಿಜ. ಸಂಘದ ಕಾರ್ಯದರ್ಶಿಯಾಗಿ ಆ ಹಾಜರಿ ಬರೆದವನು ನಾನೇ. ಆದರೆ ವಂಚನೆ ಎಂಬ ಮಾತು ಗಂಟಲಿನಿಂದ ಕೆಳಗಿಳಿಯುತ್ತಿಲ್ಲ. ಅದಕ್ಕೇ ನಾಲ್ಕು ಜನ ಓದಲಿ ಎಂದು ಹೀಗೆ ಬಹಿರಂಗವಾಗಿ ಬರೆಯುತ್ತಿದ್ದೇನೆ.

ನಾವು ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳಿಂದ ವಾಯುಪಡೆ ಸೇರಿ, ವಿಶ್ವಸಂಸ್ಥೆಯ ಶಾಂತಿಪಡೆಯ ಜೊತೆ ಕಾಂಗೋ ದೇಶಕ್ಕೆ ಹೋಗಿ ಬಂದವರು. ಬೀಗದ ವಿಷಯ ಕೇಳಲು ನಾನು ಕಚೇರಿಗೆ ಬಂದಾಗ ತಾವು, "ಕಾಂಗೋಗೂ ಹುಣಸೂರಿಗೂ ಏನ್ರೀ ಸಂಬಂಧ? ಯುದ್ಧಗಿದ್ಧ ಮಾಡಿದ್ರೆ ಬೇರೆ ಮಾತು" ಎಂದಿರಿ. ಕ್ಷಮಿಸಿ, ಯುದ್ಧ ಮಾಡುವಷ್ಟು ಯೋಗ್ಯತೆ ನಮಗೆ ಒದಗಿಬರಲಿಲ್ಲ. ಹೆಲಿಕಾಪ್ಟರ್ ರಿಪೇರಿ ಮಾಡುತ್ತಿದ್ದೆವು. ಅವು ಗಾಯಾಳುಗಳನ್ನೂ ಬಸುರಿಯರನ್ನೂ ಹೊತ್ತು ತರುತ್ತಿದ್ದವು. ಇದಕ್ಕಾಗಿ ಸರ್ಕಲ್ಲಿನಲ್ಲಿ ಪ್ರತಿಮೆ ನಿಲ್ಲಿಸಿ ಎಂದೇನೂ ನಾವು ಕೇಳಿಲ್ಲವಲ್ಲ? ತಿಂಗಳ ಮೊದಲ ಭಾನುವಾರ ಕೂತು ಮಾತಾಡಲು ಒಂದು ಕೋಣೆ ಕೇಳಿದ್ದೆವು. ಮನೆಯಲ್ಲೇ ಮಾತಾಡಬಾರದೇ ಎಂದೂ ಕೇಳಿದಿರಿ. ಬಾಯಿ ತೆರೆದರೆ ಸಾಕು, ನನ್ನ ಹೆಂಡತಿ, "ಸಾಕು ಬುಡಿ, ಇದ್ನ ನೂರ್ಸಲ ಕೇಳಿವ್ನಿ" ಎಂದು ಎದ್ದು ಹೋಗುತ್ತಾಳೆ.

ಈಗ ಸತ್ತವರ ವಿಷಯ. ಅಂತರಸಂತೆಯ ಕರಿಯಯ್ಯ ನನ್ನ ಜೊತೆಗಾರ ಮೆಕ್ಯಾನಿಕ್. ಕಾಂಗೋದಲ್ಲಿದ್ದಾಗ ಒಂದು ದಿನ ಅವನಿದ್ದ ಹೆಲಿಕಾಪ್ಟರ್ ಕೆಟ್ಟು ಕಾಡಿನಲ್ಲಿ ಇಳಿಯಿತು. ಆಮೇಲೆ ಸುದ್ದಿಯೇ ಇಲ್ಲ. ಮರುದಿನ ಬೆಳಿಗ್ಗೆ ಹಾಜರಿ ಕೂಗುವ ಸರದಿ ನನ್ನದು. ಅವನ ಹೆಸರು ಬಂತು. ದಾಟಿಸಿಬಿಡೋಣ ಎನ್ನುವಷ್ಟರಲ್ಲಿ ಕೆ.ಆರ್. ನಗರದ ಚೆಲುವರಾಜು ಸಾಲಿನ ಹಿಂದಿನಿಂದ, "ಅವ್ನೆ ಕಣ್ಲಾ, ಬರ್ಕೊ" ಎಂದು ಗದರಿದ. ಇದ್ದಾನೆ ಎಂದೇ ಬರೆದುಕೊಂಡೆ. ಮೂರನೆಯ ದಿನ ಕರಿಯಯ್ಯ ಕುಂಟುತ್ತ ವಾಪಸು ಬಂದ. ಅಂದಿನಿಂದ ಕಣ್ಣೆದುರು ಇಲ್ಲದವನ ಹೆಸರನ್ನು ನಾವು ಬಿಡುವುದಿಲ್ಲ. ಸಂಘದಲ್ಲೂ ಅದೇ ಪದ್ಧತಿ. ತೀರಿಕೊಂಡವರ ಹೆಸರು ಕೂಗಿದಾಗ ಅವರ ಮನೆಯವರೊಬ್ಬರು ಎದ್ದು "ಅವ್ರೆ" ಎನ್ನುತ್ತಾರೆ, ಇದ್ದಾರೆ ಎಂದು. ನಾಲ್ಕು ವರ್ಷದ ಹಿಂದೆ ಕರಿಯಯ್ಯ ಎದೆನೋವಿನಿಂದ ಹೋಗಿಬಿಟ್ಟ. ಅವನ ಹೆಂಡತಿ ಯಶೋದಮ್ಮ ಪ್ರತಿ ತಿಂಗಳೂ ಹ್ಯಾಂಡ್‌ಪೋಸ್ಟ್ ಕೂಡುರಸ್ತೆಯಲ್ಲಿ ಬಸ್ಸು ಬದಲಿಸಿ ಬಂದು, ಆ ಒಂದು ಮಾತು ಹೇಳಿ, ನಮ್ಮೊಡನೆ ಟೀ ಕುಡಿದು ಹೋಗುತ್ತಿದ್ದರು.

ಇಪ್ಪತ್ತೈದು ಸದಸ್ಯರಿಲ್ಲದ ಸಂಘಕ್ಕೆ ಕೊಠಡಿಯಿಲ್ಲ ಎಂಬ ತಮ್ಮ ಹೊಸ ನಿಯಮ ಬಂದಾಗ ನಾನು ಪೆದ್ದನಂತೆ ಆ ಹಾಜರಿ ಪುಸ್ತಕವನ್ನೇ ತಂದು ಒಪ್ಪಿಸಿದೆ. ಇಪ್ಪತ್ತೇಳು ಹೆಸರು, ಉಸಿರಾಡುವವರು ಹತ್ತೊಂಬತ್ತು. ದಿವಂಗತ ಎಂದು ಬರೆದು ಕೊಡಬೇಕಿತ್ತು, ತಪ್ಪು ನನ್ನದೇ. ಆದರೆ ಸರ್ಕಾರದ ಪಟ್ಟಿಯಲ್ಲಿ ಬದುಕಿರುವವರೇ ಸತ್ತುಹೋಗಿ, ಬದುಕಿದ್ದೇವೆಂದು ಕಾಗದ ಹಿಡಿದು ಕಚೇರಿ ಕಚೇರಿ ಅಲೆಯುವುದುಂಟಲ್ಲ ಸ್ವಾಮಿ, ಆಗ ಯಾರ ಕೊಠಡಿಗೆ ಬೀಗ ಬೀಳುತ್ತದೆ?

ಕಳೆದ ಭಾನುವಾರ ಬೀಗದ ಮುಂದೆ, ಜಗಲಿಯ ಮೇಲೆಯೇ ಸೇರಿದೆವು. ಪುಸ್ತಕ ತಮ್ಮ ಬಳಿ ಇರುವುದರಿಂದ ಹೆಸರುಗಳನ್ನು ನೆನಪಿನಿಂದಲೇ ಕೂಗಿದೆ. ಕರಿಯಯ್ಯ ಎಂದೆ. ಯಶೋದಮ್ಮ ಏಳಲಿಲ್ಲ. "ಇಲ್ಲ ಕಣಣ್ಣ, ಅವ್ರು ಇಲ್ಲ. ಸತ್ತೋರಿಂದ ನಿಮ್ಗೆಲ್ಲ ಯಾಕೆ ತೊಂದ್ರೆ? ಹೆಸ್ರು ಹೊಡ್ದಾಕ್ಬುಡಿ" ಎಂದರು. ಚೆಲುವರಾಜು, "ಅಂಗನ್ಬೇಡಿ ಕಣಮ್ಮ" ಎನ್ನುತ್ತಲೇ ಇದ್ದ. ಅವರು ಟೀಯನ್ನೂ ಕುಡಿಯದೆ ಬಸ್ಸಿಗೆ ಹೊರಟರು. ನಾಲ್ಕು ವರ್ಷ ಬಾಯಿಗೆ ತಾರದಿದ್ದ ಮಾತನ್ನು ಆ ಹೆಣ್ಣುಮಗಳಿಂದ ಹೇಳಿಸಿದ್ದು ತಮ್ಮ ಒಂದು ಹಾಳೆಯ ನೋಟಿಸು.

ನಿಯಮ ತಮ್ಮದು. ಹತ್ತೊಂಬತ್ತು ಜನಕ್ಕೆ ಕೊಠಡಿಯಿಲ್ಲವೆಂದರೆ ಅರಳಿಕಟ್ಟೆಯಲ್ಲಿ ಕೂರುತ್ತೇವೆ. ಆದರೆ ವಂಚನೆ ಎಂಬ ಪದವನ್ನು ಲಿಖಿತವಾಗಿ ಹಿಂತೆಗೆದುಕೊಳ್ಳಿ. ಸತ್ತವರ ಹೆಸರು ಹೊಡೆದ ಪಟ್ಟಿಯನ್ನು ಹದಿನೈದು ದಿನದೊಳಗೆ ಕೊಡಬೇಕೆಂದೂ ಆಜ್ಞೆ ಮಾಡಿದ್ದೀರಿ. ಅದು ನನ್ನಿಂದಾಗದು. ಹೊಡೆಯಲೇಬೇಕಿದ್ದರೆ ಆ ಪುಸ್ತಕ ಹಿಡಿದು ತಾವೇ ಅಂತರಸಂತೆಗೆ ಹೋಗಿ, ಯಶೋದಮ್ಮನವರ ಎದುರು ಕೂತು, ತಮ್ಮ ಕೈಯಿಂದಲೇ ಗೀಟು ಎಳೆಯಿರಿ.

ಇಂತಿ,
ಸದ್ಯಕ್ಕೆ ಬದುಕಿರುವ,
ಪುಟ್ಟಸ್ವಾಮಿ
ನಿವೃತ್ತ ಸಾರ್ಜೆಂಟ್, ರಾವಂದೂರು