‘ಬೇಡ’ ಅಂದವರಿಗೆ ಟೀ ಮಾಡುವ ಕೆಲಸ

ಮಾರ್ಚ್ 3, ಭಾನುವಾರ, ಸಂಜೆ

ಇಲ್ಲಿಯವರೆಗಿನ ಖರ್ಚು — ಐದು ಭಾನುವಾರ, ಒಂದು ವೈಟ್ ಬೋರ್ಡು, ನಾಲ್ಕು ಮಾರ್ಕರು, ಊಟದ ಮೇಜಿನ ಮೇಲೆ ಅಳಿಸಲಾಗದ ನೀಲಿ ಕಲೆ ಒಂದು. ಕಲೆಯ ದೆಸೆಯಿಂದ ಹೆಂಡತಿ ಎರಡು ದಿನ ಮಾತು ಬಿಟ್ಟಳು. ಅದನ್ನು ಖರ್ಚಿಗೆ ಹಾಕಬೇಕೋ ಉಳಿತಾಯಕ್ಕೋ ತಿಳಿಯದೆ ಬಿಟ್ಟಿದ್ದೇನೆ. ಆದಾಯ — ನಲವತ್ತೊಂದು ಐಡಿಯಾ.

ಪಾಲುದಾರರು ಮೂವರು. ಇಪ್ಪತ್ತೆರಡು ವರ್ಷ ಆಫೀಸುಗಳಿಗೆ ಜೆರಾಕ್ಸ್ ಯಂತ್ರ ಮಾರಿದ ನಾನು. ಗೋದಾಮು ಕಂಪನಿಯಲ್ಲಿ ಲೆಕ್ಕ ಬರೆಯುವ ಗೆಳೆಯ — ಆಡಿಟ್ ಪರೀಕ್ಷೆಗೆ ಮೂರು ಸಲ ಕೂತು ಮೂರು ಸಲವೂ ಸುಮ್ಮನೆ ಎದ್ದು ಬಂದವನು, ಹಾಗಾಗಿ ನಮಗೆಲ್ಲ ‘ಆಡಿಟರ್’. ಮೇಲಿನ ಮನೆಯ ಟೈಪಿಸ್ಟ್ — ವಕೀಲರ ಆಫೀಸಿನ ಕೆಲಸ ಹೋಗಿ ನಾಲ್ಕು ತಿಂಗಳು. ಸಣ್ಣ ಅಂಗಡಿ, ವರ್ಕ್‌ಶಾಪುಗಳ ಆಫೀಸು ಕೆಲಸ ಮಾಡಿಕೊಡುವ ಕಂಪನಿ ತೆರೆಯುವುದೆಂದು ತೀರ್ಮಾನ. ಯಾವ ಕೆಲಸ ಅನ್ನುವುದೊಂದು ಬಾಕಿ.

ನಿಯಮ ಒಂದೇ, ನಾನೇ ಮಾಡಿದ್ದು. ಯಾರು ಏನು ಹೇಳಿದರೂ ‘ಬೇಡ’ ಅನ್ನುವಂತಿಲ್ಲ. ಅಂದವರು ಎದ್ದು ಹೋಗಿ ಎಲ್ಲರಿಗೂ ಟೀ ಮಾಡಬೇಕು. ಐದು ವಾರದಿಂದ ಮೂವರೂ ಟೀ ಇಲ್ಲದೆ ಕೂತಿದ್ದೇವೆ.

ಮಾರ್ಚ್ 10, ಭಾನುವಾರ

ಐವತ್ತು ಮುಟ್ಟಿತು. ಟೈಪಿಸ್ಟ್ ಹೇಳಿದ್ದು — ಗಿರಾಕಿಗಳ ದೂರಿನ ಪತ್ರಗಳಿಗೆ ಅಂಗಡಿಯವರ ಪರವಾಗಿ ಉತ್ತರ ಬರೆದುಕೊಡುವುದು. ಆಡಿಟರ್ — ಕಳೆದುಹೋದ ಬಿಲ್ಲು ಹುಡುಕಿಕೊಡುವುದು. ನಾನು — ಮೀಟಿಂಗಿಗೆ ಬೇರೆಯವರ ಬದಲು ಹೋಗಿ ಕೂರುವುದು.

“ಕೂತು ಏನು ಮಾಡೋದಣ್ಣಾ?” ಅಂದಳು ಟೈಪಿಸ್ಟ್.

“ತಲೆ ಆಡಿಸೋದಮ್ಮ. ಅಲ್ಲಿ ಇನ್ನೇನು ಮಾಡ್ತಾರೆ?”

ಬರೆದುಕೊಂಡಳು. ನಿಯಮ ಅಂದರೆ ನಿಯಮ.

“ಬೋರ್ಡಲ್ಲಿ ಜಾಗ ಮುಗೀತಲ್ಲ, ಗೋಡೆ ಮೇಲೆ ಮಾತ್ರ ಬರೀಬೇಡಿ” — ಬಾಗಿಲಿಂದ ಹೆಂಡತಿ. ಅವಳು ಪಾಲುದಾರಳಲ್ಲ, ದಂಡ ಹಾಕುವಂತಿಲ್ಲ.

ಮಾರ್ಚ್ 14, ಗುರುವಾರ

ಆಡಿಟರ್ ಬಂದಿದ್ದ. ಭಾನುವಾರವಲ್ಲದ ದಿನ ಬಂದವನಲ್ಲ. ವರ್ಗಾವಣೆ ಪತ್ರ ಕೈಗೆ ಬಂದಿದೆಯಂತೆ — ದೂರದ ಶಾಖೆ, ದರ್ಜೆ ಒಂದು ಮೇಲೆ. ತಿಂಗಳ ಕೊನೆಯೊಳಗೆ ಒಪ್ಪಬೇಕು, ಇಲ್ಲವೇ ಬಿಡಬೇಕು. ಹದಿನೆಂಟು ವರ್ಷದ ಕೆಲಸ. ಚಪ್ಪಲಿ ಮೆಟ್ಟುತ್ತ ಮಗಳ ಕಾಲೇಜಿನ ಮಾತು ಎತ್ತಿದ… ಅಲ್ಲಿಗೇ ಬಿಟ್ಟ.

ಮಾರ್ಚ್ 17, ಭಾನುವಾರ

ಐವತ್ತೆಂಟನೆಯದನ್ನು ಆಡಿಟರ್ ತಾನೇ ಎದ್ದು ಬರೆದ: ‘ನಾನು ಕೆಲಸ ಬಿಡುವುದು.’ ಮಾರ್ಕರಿಗೆ ಮುಚ್ಚಳ ಹಾಕಿ ನಮ್ಮ ಕಡೆ ತಿರುಗಿದ.

ಟೈಪಿಸ್ಟ್ ನನ್ನ ಮುಖ ನೋಡಿದಳು.

“ಬರ್ದಾಯ್ತಲ್ಲ, ಇರ್ಲಿ” ಅಂದೆ.

ಅವನಿಗೆ ಅಷ್ಟು ಸಾಕಾಯಿತು. ಹೋಗುವಾಗ ಮೆಟ್ಟಿಲ ಮೇಲೆ ಸಿಳ್ಳೆ ಹಾಕುತ್ತಿದ್ದ.

ಮಾರ್ಚ್ 22, ಶುಕ್ರವಾರ

ಇಡೀ ಬೋರ್ಡನ್ನು ಗಿರಾಕಿಯ ಕಣ್ಣಿಂದ ಓದಿದೆ. ಕೊಳ್ಳುವಂಥದ್ದು ಒಂದೇ ಒಂದು — ದೂರಿನ ಪತ್ರಗಳಿಗೆ ಉತ್ತರ. ಅದಕ್ಕೆ ಟೈಪಿಸ್ಟ್ ಒಬ್ಬಳೇ ಸಾಕು. ಗಿರಾಕಿ ಹಿಡಿದು ತರಲು ನಾನು ಅರ್ಧ ಆಳು. ಆಡಿಟರ್‌ಗೆ ಕುರ್ಚಿಯೇ ಇಲ್ಲ.

ಆದರೆ ಅವನು ಕೆಲಸ ಬಿಟ್ಟರೆ ಇಲ್ಲೇ ಇರುತ್ತಾನೆ. ಭಾನುವಾರಗಳೂ ಇರುತ್ತವೆ. ಲಾಭ ನನ್ನದು, ನಷ್ಟ ಅವನದು. ಇಂಥ ವ್ಯಾಪಾರ ಎಷ್ಟು ಕುದುರಿಸಿಲ್ಲ ನಾನು…

ಹೆಂಡತಿಗೆ ಹೇಳಿದೆ.

“ನಂಗ್ಯಾಕೆ ಹೇಳ್ತೀರಿ? ಅವರಿಗೆ ಹೇಳಿ.”

“ನಿಯಮ ಇದೆಯಲ್ಲೇ.”

“ಒಂದು ಟೀ ಮಾಡೋಕೆ ಬರಲ್ವಾ ನಿಮಗೆ?”

ಮಾರ್ಚ್ 24, ಭಾನುವಾರ

ಆಡಿಟರ್ ರಾಜೀನಾಮೆಯ ಕರಡು ತಂದು ಟೈಪಿಸ್ಟ್ ಮುಂದಿಟ್ಟ. ಕೀಲಿಮಣೆಯ ಮೇಲೆ ಬೆರಳಿಟ್ಟು ಕೂತಳು. ಒತ್ತಲಿಲ್ಲ.

“ಬೇಡ ಕಣೋ” ಅಂದೆ.

“ನಿಯಮ…” ಅಂದ, ನಗುತ್ತಲೇ.

“ಗೊತ್ತು. ಬೇಡ. ಇಲ್ಲಿ ನಿಂಗೆ ಮಾಡೋಕೆ ಕೆಲಸ ಇಲ್ಲ.”

ನಗು ನಿಂತಿತು. “ಎಂಟು ವಾರ ಹೇಳದೆ ಬಾಯಲ್ಲಿ ಏನಿಟ್ಕೊಂಡಿದ್ದೆ?”

ಮಾತೇ ಬಂಡವಾಳ ನನಗೆ, ಖಾಲಿ. ಎದ್ದು ಅಡುಗೆಮನೆಗೆ ಹೋದೆ. ಹೆಂಡತಿ ಮನೆಯಲ್ಲಿಲ್ಲ. ಅವನು ಬಾಗಿಲವರೆಗೆ ಬಂದು ನಿಂತ. ನಾನು ಡಬ್ಬಗಳನ್ನು ತಡಕಾಡುತ್ತಲೇ ಇದ್ದೆ, ತಿರುಗಲಿಲ್ಲ. ಸಕ್ಕರೆ ಸಿಗಲೇ ಇಲ್ಲ. ಸಪ್ಪೆ ಟೀ ಮೂರು ಲೋಟ ತಂದಾಗ ಮೇಜಿನ ಹತ್ತಿರ ಟೈಪಿಸ್ಟ್ ಒಬ್ಬಳೇ. ಪಾಪ, ಎರಡು ಲೋಟ ಕುಡಿದಳು.

ಏಪ್ರಿಲ್ 28, ಭಾನುವಾರ

ಐದು ವಾರ ಬರೆಯುವಂಥದ್ದೇನೂ ಇರಲಿಲ್ಲ. ಇವತ್ತು ಲೆಕ್ಕ ಮುಗಿಸುತ್ತೇನೆ.

ಟೈಪಿಸ್ಟ್‌ಗೆ — ಕಂಪನಿ. ಬಾಗಿಲಿಗೆ ಹೆಸರಿನ ಫಲಕ, ನಾಲ್ಕು ಗಿರಾಕಿ. ಮೂರು ನಾನು ತಂದದ್ದು. ನಾಲ್ಕನೆಯದು ದೂರದ ಶಾಖೆಯೊಂದರಿಂದ ತಾನಾಗಿ ಬಂದ ದಪ್ಪ ಕವರು, ತುಂಬ ದೂರಿನ ಪತ್ರ.

ಆಡಿಟರ್‌ಗೆ — ಮೇಲಿನ ದರ್ಜೆ. ಮಗಳಿಗೆ ಅಲ್ಲೇ ಕಾಲೇಜು, ಟೈಪಿಸ್ಟ್ ಹೇಳಿದ್ದು. ನನಗೆ ಫೋನ್ ಮಾಡಿಲ್ಲ.

ಹೆಂಡತಿಗೆ — ಮೇಜು, ಕಲೆ ಸಮೇತ.

ನನಗೆ — ಒರೆಸಿದ ಬೋರ್ಡು. ಮತ್ತೆ ಆ ಕವರಿನೊಳಗೆ ನನ್ನ ಹೆಸರಿಗೆ ಇದ್ದ ಚೀಟಿ, ಅವನ ಗುಂಡು ಅಕ್ಷರದಲ್ಲಿ ಒಂದೇ ಸಾಲು: ‘ಸಕ್ಕರೆ ಡಬ್ಬ ಫ್ರಿಜ್ಜಿನ ಮೇಲಿತ್ತು.’

ಎದ್ದು ಹೋಗಿ ನೋಡಿದೆ. ಅಲ್ಲೇ ಇದೆ.