ಮೇಕೆ ಮಂಜಣ್ಣನ ಪಕ್ಕ ಕೂತು ಹಾಡಿದವರಿಗೆ

ಜೋಡೂರು
ಮಳೆ ಮರಳಿದ ಇನ್ನೂರ ಆರನೆಯ ವರ್ಷ, ಹದಿನಾಲ್ಕನೆಯ ತಿಂಗಳು, ನೆರಳುವಾರ

ಪೂಜ್ಯ ನೀಲಾಂಬಿಕಾ ಹಂಚಿನಾಳ ಅಮ್ಮನವರಿಗೆ ಹೊನ್ನೆ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡಿ. ನಿಮ್ಮ ಕ್ಯಾಲೆಂಡರಿನಲ್ಲಿ ಹದಿನಾಲ್ಕನೆಯ ತಿಂಗಳು ಇಲ್ಲವೆಂದು ನನಗೆ ಗೊತ್ತು. ಬೇಸಿಗೆ ಮುಗಿಯದೆ ಎಳೆಯುತ್ತ ಹೋದಾಗ ನಮ್ಮ ಹಿರಿಯರು ಅದನ್ನು ಹೋಳು ಮಾಡಿ ಎರಡು ಹೊಸ ತಿಂಗಳು ಕಟ್ಟಿಕೊಂಡರು, ಹೆಸರಿಟ್ಟರೆ ತಡೆದುಕೊಳ್ಳುವುದು ಸುಲಭ ಎಂದು. ನನ್ನ ಕನ್ನಡವೂ ನಿಮಗೆ ವಿಚಿತ್ರವಾಗಿ ಕಂಡೀತು. ನಿಮ್ಮ ಕಾಲದ ಮಾತನ್ನು ನಾನು ಕಲಿತದ್ದು ಮಕ್ಕಳ ಟೀವಿ ಕಾರ್ಯಕ್ರಮಗಳಿಂದ. ಎಲ್ಲಾದರೂ ಕೈತಪ್ಪಿ ನಿಮ್ಮನ್ನು ಪುಟಾಣಿಗಳೇ ಎಂದು ಕರೆದುಬಿಟ್ಟರೆ ದಯವಿಟ್ಟು ಮನ್ನಿಸಬೇಕು.

ಇದು ಹಿಂದೋಲೆ, ಎಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಕಾಗದ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಒಂದು ಬರೆಯಲು ಅಪ್ಪಣೆ. ಹೆಚ್ಚಿನವರು ಅದನ್ನು ತಮ್ಮ ಮುತ್ತಜ್ಜನಿಗೆ ಬರೆದು, ಕೆರೆ ಪಕ್ಕದ ಜಾಗ ಮಾರಬೇಡ ಎಂದು ಬೈಯುತ್ತಾರೆ. ಕಾಗದ ತಲುಪಿತೋ ಇಲ್ಲವೋ ತಿಳಿಯುವುದಿಲ್ಲ. ಜಾಗವಂತೂ ಇದುವರೆಗೆ ಯಾರಿಗೂ ಮರಳಿ ಬಂದಿಲ್ಲ. ಬಂಧುವಲ್ಲ ಬಳಗವಲ್ಲ, ಯಾರೋ ಹಾಡುವವರಿಗೆ ಬರೆಯುತ್ತೀಯಲ್ಲ, ನಿನಗೆ ಅರಳುಮರಳೇ ಎಂದು ಪಕ್ಕದ ಮನೆಯವರು ಕೇಳಿದರು. ಇರಬಹುದು, ವಯಸ್ಸಾಗಿದೆ.

ಇದು ನಿಮ್ಮ ಕೈಸೇರುವ ಹೊತ್ತಿಗೆ ನೀವು ‘ಎಣಿಕೆ ಮನೆ’ ಎಂಬ ಕಾರ್ಯಕ್ರಮಕ್ಕೆ ಅತಿಥಿಯಾಗಿ ಹೋಗಲು ಒಪ್ಪಿರುತ್ತೀರಿ, ಆದರೆ ಇನ್ನೂ ಸ್ಟುಡಿಯೋಕ್ಕೆ ಹೋಗಿರುವುದಿಲ್ಲ ಎಂದು ನಂಬಿದ್ದೇನೆ. ಅಷ್ಟು ದೊಡ್ಡ ಗಾಯಕಿ ಮೇಕೆಯ ಪಕ್ಕ ಕೂತು ಚಿಕ್ಕ ಮಕ್ಕಳಿಗೆ ಏಳರ ಮಗ್ಗಿ ಹಾಡುವುದೇ ಎಂದು ನಿಮ್ಮ ಶಿಷ್ಯರಲ್ಲಿ ಕೆಲವರಾದರೂ ಮೂಗು ಮುರಿದಿರುತ್ತಾರೆ. ಮುರಿಯಲಿ ಬಿಡಿ. ನೀವು ಹಾಡಿದ್ದರಲ್ಲಿ ನಮ್ಮವರೆಗೆ ಉಳಿದು ಬಂದದ್ದು ಅದೊಂದೇ.

ಹೇಗೆಂದು ಹೇಳುತ್ತೇನೆ. ನಿಮ್ಮ ದೊಡ್ಡ ದೊಡ್ಡ ಹಾಡಿಕೆಗಳನ್ನೆಲ್ಲ ಜನ ಜೋಪಾನವಾಗಿ ಬೀಗ ಹಾಕಿದ ಉಗ್ರಾಣಗಳಲ್ಲಿ ಇಟ್ಟಿದ್ದರಂತೆ. ದೊಡ್ಡ ಮರೆವಿನ ಕಾಲದಲ್ಲಿ, ಅಂದರೆ ಆ ಉಗ್ರಾಣಗಳಿಗೆ ಕರೆಂಟು ಕೊಡುವವರೇ ಇಲ್ಲದೆ ಹೋದಾಗ, ಅವೆಲ್ಲ ಒಂದೇ ವರ್ಷದಲ್ಲಿ ಅಳಿದವು. ಮಕ್ಕಳ ಕಾರ್ಯಕ್ರಮಗಳಿಗೆ ಮಾತ್ರ ಏನೂ ಆಗಲಿಲ್ಲ. ಅವು ಉಗ್ರಾಣದಲ್ಲಿರಲಿಲ್ಲ, ಮನೆಮನೆಯ ಮೊಬೈಲುಗಳಲ್ಲಿದ್ದವು. ಊಟ ಬೇಡವೆಂದು ಬಾಯಿ ಬಿಗಿದ ಕೂಸಿನ ಮುಂದೆ ಅವನ್ನು ಹಿಡಿದು ತಾಯಂದಿರು ತುತ್ತು ತುರುಕುತ್ತಿದ್ದರಂತೆ. ಹೀಗಾಗಿ ನಿಮ್ಮ ಕಾಲದ ಸಂಗೀತವೆಂದರೆ ನಮಗೆ ಟೀವಿಯಲ್ಲಿ ಮಕ್ಕಳ ನಡುವೆ ಬಂದು ಕೂತು ಹೋದ ವಿದ್ವಾಂಸರು. ತಬಲಾದಲ್ಲಿ ರೈಲು ಓಡಿಸಿದವರೊಬ್ಬರು, ಕೊಳಲಿನಲ್ಲಿ ಕಾಗೆ ಗುಬ್ಬಿಗಳ ಗುರುತು ಹಿಡಿಸಿದವರೊಬ್ಬರು, ಮತ್ತು ನೀವು. ಪಕ್ಕದ ಊರಿನವರು ರೈಲು ಘರಾನೆಯವರು. ಅವರಿಗೆ ಬಲು ಜಂಬ. ನಮ್ಮ ಜೋಡೂರು, ಅಂದರೆ ನಿಮ್ಮ ಹುಬ್ಬಳ್ಳಿ ಧಾರವಾಡಗಳು ಬೆಳೆದು ಅಂಟಿಕೊಂಡ ಊರು, ನಿಮ್ಮ ಘರಾನೆಯದು.

ನಮ್ಮ ಕಚೇರಿ ನೋಡಿದರೆ ನೀವು ಸಂತೋಷಪಡುತ್ತೀರೋ ಹಣೆ ಚಚ್ಚಿಕೊಳ್ಳುತ್ತೀರೋ, ಅದನ್ನು ತಿಳಿಯುವ ಆಸೆ ನನಗೆ ಬಹಳ. ಬಿಸಿಲಿಗೆ ಮಾಡು ಹಾಕಿದ ನೆರಳುಬೀದಿಯ ತುದಿಯಲ್ಲಿ ಹಾಡುಮನೆ ಇದೆ. ಕೇಳುವವರು ಕೈಕಾಲು ತೊಳೆದು ಸಾಲಾಗಿ ಕೂರುತ್ತಾರೆ. ಹಾಡಿನ ಒಂದೊಂದು ಸಾಲಿಗೂ ಪಕ್ಕದವರು ಬಾಯಿಗೆ ತುಪ್ಪ ಕಲಸಿದ ಅನ್ನದ ಒಂದೊಂದು ತುತ್ತಿಡುತ್ತಾರೆ, ಏಕೆಂದರೆ ಈ ಸಂಗೀತವನ್ನು ತುತ್ತಿಲ್ಲದೆ ಕೇಳುವ ಪದ್ಧತಿ ಹಿಂದೆ ಇರಲಿಲ್ಲವೆಂದು ಎಲ್ಲ ದಾಖಲೆಗಳೂ ಹೇಳುತ್ತವೆ. ಇದನ್ನು ತುತ್ತುಗಚೇರಿ ಎನ್ನುತ್ತೇವೆ. ಗಾಯಕಿ ನಿಮ್ಮ ಹಾಗೆಯೇ ಹಸಿರು ಸೀರೆಯುಟ್ಟು ಏಳೊಂದ್ಲೆ ಏಳು ಎಂದು ಎತ್ತಿಕೊಳ್ಳುತ್ತಾಳೆ. ಏಳಾರ್ಲೆ ಎಂದು ಹೇಳಿ ನಿಲ್ಲುತ್ತಾಳೆ. ಆಗ ಮೇಕೆದನಿಯವರು ‘ಮ್ಯಾ’ ಎಂದು ಕೂಗಬೇಕು. ಗಾಯಕಿ ನಕ್ಕು ನಲವತ್ತೆರಡು ಎನ್ನಬೇಕು. ಆ ನಗುವನ್ನು ನಿಮ್ಮಂತೆ ನಗಲು ಕಲಿಯುವುದಕ್ಕೇ ವರ್ಷಗಳು ಹಿಡಿಯುತ್ತವೆ. ಮೇಕೆದನಿ ವಂಶಪಾರಂಪರ್ಯದ ಗೌರವ. ಈಗ ಅದು ನನ್ನದು. ಊರಿನಲ್ಲಿ ನಾನು ಎದುರು ಬಂದರೆ ಜನ ಚಪ್ಪಲಿ ಬಿಟ್ಟು ನಿಲ್ಲುತ್ತಾರೆ.

ಆ ಮೇಕೆಯ ಬಗ್ಗೆ ನಮ್ಮ ಪಂಡಿತರಲ್ಲಿ ಒಮ್ಮತವಿಲ್ಲ. ನಿಮ್ಮ ಕಾಲದ ಮೇಕೆಗಳು ಮಾತಾಡುತ್ತಿದ್ದವು ಎಂದು ಕೆಲವರು. ಮಂಜಣ್ಣನೆಂಬುದು ನಿಮ್ಮ ಗುರುಗಳ ಹೆಸರು, ಸಂಗೀತದಲ್ಲಿ ಮುಳುಗಿ ಅವರಿಗೆ ಆ ರೂಪ ಬಂತು ಎಂದು ಇನ್ನು ಕೆಲವರು. ಒಬ್ಬ ಬಡಪಾಯಿ, ಮೇಕೆಯ ಕುತ್ತಿಗೆಯ ಕೆಳಗೆ ಗಾಜಿನ ಬಳೆ ತೊಟ್ಟ ಕೈ ಕಾಣುತ್ತದೆ ಎಂದು ಸಭೆಯಲ್ಲಿ ಹೇಳಿದ. ಅವನನ್ನು ನಕ್ಕು ಓಡಿಸಿದರು. ಓಡಿಸಿದವರಲ್ಲಿ ನಾನೂ ಇದ್ದೆ. ಕಾರ್ಯಕ್ರಮದ ಮೊದಲಿಗೆ ಆ ಮೇಕೆ ನಿಮ್ಮನ್ನು ಪರಿಚಯಿಸುತ್ತ, ಈ ಅಜ್ಜಿ ಒಂದೇ ರಾಗವನ್ನು ಮೂರು ತಾಸು ಹಾಡುತ್ತಾರೆ ಎನ್ನುತ್ತದಲ್ಲ, ಅದನ್ನು ಮಕ್ಕಳನ್ನು ನಗಿಸಲು ಆಡಿದ ಮಾತೆಂದೇ ಎಲ್ಲರೂ ತಿಳಿದಿದ್ದೇವೆ. ಮೂರು ತಾಸು ಯಾರು ತಾನೇ ಉಣ್ಣುತ್ತ ಕೂರುತ್ತಾರೆ? ಆದರೂ ಈಚೆಗೆ ನನಗೆ ಅನುಮಾನ. ಅಷ್ಟು ಹೊತ್ತು ಏನು ಹಾಡುತ್ತಿದ್ದಿರಿ? ಯಾವ ಮಗ್ಗಿ ಅಷ್ಟು ಉದ್ದವಿದೆ? ಕೇಳುವವರು ಅಷ್ಟು ಹೊತ್ತೂ ನಗುತ್ತಲೇ ಇರುತ್ತಿದ್ದರೇ?

ಅನುಮಾನ ಹುಟ್ಟಿದ್ದು ಹೀಗೆ. ಕಳೆದ ಬೇಸಿಗೆಯಲ್ಲಿ ನನ್ನ ಮಗಳು ನೇರಳೆ ತೀರಿಕೊಂಡಳು. ನಮ್ಮಲ್ಲಿ ಹೆಣ್ಣುಮಕ್ಕಳಿಗೆ ಮರಗಳ ಹೆಸರಿಡುತ್ತೇವೆ, ನೆರಳು ಕೊಡಲಿ ಎಂದು. ಬಿಸಿಗಾಳಿಗೆ ಸಿಕ್ಕಿ ಮಲಗಿದವಳು ಏಳಲಿಲ್ಲ. ಬೀಳ್ಕೊಡುವ ದಿನ ಹಾಡುಮನೆಯಲ್ಲಿ ಹಾಡು ಇರಲೇಬೇಕು, ಮತ್ತು ಇರುವುದು ಅದೊಂದೇ ಹಾಡು. ಅವಳ ಮಗಳು ಸುರಗಿ ನನ್ನ ತೊಡೆಯ ಮೇಲೆ ಕೂತಿದ್ದಳು. ಇನ್ನೂ ಹಾಲುಹಲ್ಲು ಬಿದ್ದು ಮುಗಿದಿಲ್ಲ. ಗಾಯಕಿ ಏಳಾರ್ಲೆ ಎಂದು ನಿಂತಳು. ನಾನು ಬಾಯಿ ತೆರೆದೆ, ದನಿ ಹೊರಡಲಿಲ್ಲ. ಸಭೆಯೆಲ್ಲ ನನ್ನ ಕಡೆ ನೋಡುತ್ತಿತ್ತು. ಸುರಗಿ ತಿರುಗಿ ನನ್ನ ಮುಖ ನೋಡಿ ಕೇಳಿದಳು:

“ಆಯಿ, ಇವತ್ತೂ ನಗಬೇಕೇನ?”

ಕಸುಬು ಎಂದ ಮೇಲೆ ಮಾಡಲೇಬೇಕು, ಕೂಗಿದೆ. ಎಲ್ಲರೂ ಪದ್ಧತಿಯಂತೆ ನಕ್ಕರು. ಸುರಗಿಯೊಬ್ಬಳು ನಗಲಿಲ್ಲ. ಅಂದಿನಿಂದ ಅವಳು ನಗುವುದನ್ನಷ್ಟೇ ಅಲ್ಲ, ಅಳುವುದನ್ನೂ ಬಿಟ್ಟಳು. ಕಲ್ಲಿನ ಹಾಗೆ ಕೂರುತ್ತಿದ್ದಳು.

ಕಚೇರಿಯ ಕೊನೆಗೆ ಗೋಡೆಯ ಮೇಲೆ ನಿಮ್ಮ ಮೂಲ ಕಾರ್ಯಕ್ರಮವನ್ನು ಓಡಿಸಿ ತೋರಿಸುವುದುಂಟು. ಆದರೆ ಏಳ್ಹತ್ಲೆ ಎಪ್ಪತ್ತು ಎಂದದ್ದೇ ತಡ, ನಾವೆಲ್ಲ ಕೈತೊಳೆಯಲು ಎದ್ದುಬಿಡುತ್ತೇವೆ. ಇಷ್ಟು ತಲೆಮಾರುಗಳಿಂದ ಹಾಗೆಯೇ ಎದ್ದಿದ್ದೇವೆ. ಆ ದಿನಗಳಲ್ಲಿ ಸುರಗಿ ತುತ್ತು ಮುಟ್ಟುತ್ತಿರಲಿಲ್ಲ, ತೊಳೆಯಲು ಅವಳ ಕೈಗೆ ಏನೂ ಅಂಟಿರಲಿಲ್ಲ. ಅವಳು ಏಳದೆ ಕೂತು ನೋಡಿದಳು. ಓಡಿ ಬಂದು ನನ್ನ ಒದ್ದೆ ಕೈ ಹಿಡಿದು ಎಳೆದೊಯ್ದಳು. ಕೊನೆಯ ಭಾಗವನ್ನು ಮತ್ತೆ ಹಾಕಿಸಿ ನೋಡಿದೆ.

ಮಗ್ಗಿ ಮುಗಿದ ಮೇಲೆ, ಎರಡು ಜಡೆ ಹಾಕಿಕೊಂಡು ನಿಮ್ಮ ಎದುರು ಕೂತ ಪುಟ್ಟ ಹುಡುಗಿ ಮೆಲ್ಲಗೆ ಏನೋ ಕೇಳುತ್ತಾಳೆ. ಅಳು ಬಂದಾಗ ಏನು ಹಾಡುತ್ತೀರಿ ಎಂದು ಕೇಳುತ್ತಾಳೆ. ನಿಮ್ಮ ಮುಖದ ನಗು ಹೋಗುತ್ತದೆ. ನಿಮ್ಮನ್ನು ನಗದೆ ಇರುವಾಗ ನಾನು ನೋಡಿದ್ದು ಅದೇ ಮೊದಲು. ನೀವು ಅವಳ ಜಡೆ ನೇವರಿಸಿ ಹೇಳುತ್ತೀರಿ: “ಅದಕ್ಕೂ ಒಂದು ಐತಿ ಕೂಸ. ಆದ್ರ ಅದನ್ನ ಅವಸರದಾಗ ಹಾಡಾಕ ಬರೂದಿಲ್ಲ.” ಹೇಳಿ ಕಣ್ಣುಮುಚ್ಚಿ ಎತ್ತಿಕೊಳ್ಳುತ್ತೀರಿ. ಒಂದು ಉಸಿರು, ಅಷ್ಟೇ. ಅದರಲ್ಲಿ ಒಂದು ಸ್ವರವಿದೆ, ನಮ್ಮಲ್ಲಿ ಅದಕ್ಕೆ ಹೆಸರಿಲ್ಲ. ನಮಗೆ ಗೊತ್ತಿರುವ ಸ್ವರಕ್ಕಿಂತ ಒಂಚೂರು ಕೆಳಗೆ, ಒಳಗೆ ಬರಲೋ ಬೇಡವೋ ಎಂದು ಹೊಸ್ತಿಲಲ್ಲಿ ನಿಂತ ನೆಂಟರ ಹಾಗೆ ನಿಲ್ಲುತ್ತದೆ. ಅಷ್ಟರಲ್ಲಿ ಯಾರೋ ಗಂಡಸು, ಸಾಕು ಮೇಡಂ, ಟೈಮ್ ಆಯ್ತು ಎನ್ನುತ್ತಾನೆ. ನೀವು ಕಣ್ತೆರೆದು ಮತ್ತೆ ನಗುತ್ತೀರಿ. ಢಣಢಣ ಎಂದು ಮುಕ್ತಾಯದ ಸಂಗೀತ ಬರುತ್ತದೆ. ಅದೇ ಗಡಿಬಿಡಿಯಲ್ಲಿ ಮೇಕೆ ವಾಲಿದಾಗ ಬಳೆ ತೊಟ್ಟ ಕೈಯನ್ನು ನಾನೂ ಕಂಡೆ. ಯಾರೋ ಪುಣ್ಯಾತ್ಮೆ ಗೊಂಬೆಯೊಳಗೆ ಕೈಯಿಟ್ಟು ಮಕ್ಕಳನ್ನು ನಗಿಸುತ್ತಿದ್ದಳು, ಅಷ್ಟೇ. ನಾವು ಅದನ್ನು ಹೆಣದ ಮುಂದೆಯೂ ಕೂಗಿದ್ದೇವೆ.

ಈ ಮಾತನ್ನು ಊರಿನಲ್ಲಿ ಹೇಳಿದೆ. ನಮ್ಮ ಗಾಯಕಿ ಕೋಪಗೊಂಡು ನನ್ನೊಂದಿಗೆ ಮಾತು ಬಿಟ್ಟಿದ್ದಾಳೆ. ಚಪ್ಪಲಿ ಬಿಡುತ್ತಿದ್ದವರು ಈಗ ಬಿಡುವುದಿಲ್ಲ. ಅದರ ಚಿಂತೆ ನನಗೆ ಅಷ್ಟಾಗಿ ಇಲ್ಲ.

ಸುರಗಿ ಆ ಒಂದು ಉಸಿರನ್ನು ದಿನವೂ ಹಾಡಿ ಹಾಡಿ ಬಾಯಿಗೆ ತಂದುಕೊಂಡಳು. ಮೊನ್ನೆ ಬೆಳಿಗ್ಗೆ, ನಾನು ಅಕ್ಕಿ ಆರಿಸುತ್ತಿದ್ದಾಗ, ನೀವು ನಿಲ್ಲಿಸಿದ ಕಡೆಯಿಂದ ಮುಂದಕ್ಕೆ ತಾನಾಗಿಯೇ ಹೋದಳು. ಮೊದಲು ಅಂಜುತ್ತ, ಆಮೇಲೆ ದಾರಿ ಗೊತ್ತಿರುವವಳಂತೆ. ಅರ್ಧಕ್ಕೆ ದನಿ ಒಡೆಯಿತು. ಅವ್ವಾ ಎಂದು ಕರೆದು ಅತ್ತಳು. ನಾನೂ ಮೊರ ಬದಿಗಿಟ್ಟು ಅವಳನ್ನು ತಬ್ಬಿಕೊಂಡು ಅತ್ತೆ. ಮಗಳು ಹೋದ ಮೇಲೆ ನಾನೂ ಅತ್ತಿರಲಿಲ್ಲ. ಬಿಕ್ಕಳಿಕೆ ನಿಂತ ಮೇಲೆ ಅವಳು ಕಣ್ಣೊರೆಸಿಕೊಂಡು, ಆ ಅಜ್ಜಿಯ ಹಾಡು ಹೀಗೆಯೇ ಇರುತ್ತದೆಯೇ ಎಂದು ಕೇಳಿದಳು. ನನಗೆ ಗೊತ್ತಿಲ್ಲ ಎಂದೆ. ಈ ಊರಿನಲ್ಲಿ ಯಾರಿಗೂ ಗೊತ್ತಿಲ್ಲ, ತಾಯಿ.

ಅದಕ್ಕೇ ಇದ್ದ ಒಂದು ಕಾಗದವನ್ನು ನಿಮಗೆ ಬರೆದಿದ್ದೇನೆ. ಸ್ಟುಡಿಯೋಕ್ಕೆ ಹೋಗಿ. ಮಗ್ಗಿ ಹಾಡಿ, ಮನಸಾರೆ ನಗಿ. ಆದರೆ ಆ ಹುಡುಗಿ ಕೇಳಿದ ಮೇಲೆ, ಸಾಕು ಎಂದು ಯಾರು ಎಂದರೂ ಏಳಬೇಡಿ. ಇನ್ನೊಂದು ಸ್ವಲ್ಪ ಹೊತ್ತು ಕ್ಯಾಮೆರಾ ಓಡಲಿ ಎಂದು ಹೇಳಿ. ನಿಮ್ಮ ಮಾತನ್ನು ಅವರು ತಳ್ಳಿಹಾಕಲಾರರು. ಪೂರ್ತಿ ಹಾಡಿ. ಸುರಗಿ ಹಾಡಿದ್ದು ಸರಿಯಿದ್ದರೆ ಅವಳಿಗೆ ಸಮಾಧಾನವಾಗುತ್ತದೆ. ತಪ್ಪಿದ್ದರೆ ತಿದ್ದಿಕೊಳ್ಳುತ್ತಾಳೆ, ಕಿವಿ ಚುರುಕಾಗಿದೆ. ಎದುರಿಗೆ ಕೂತ ಆ ಹುಡುಗಿಯ ಹಿಂದೆ ಇನ್ನೊಂದು ಮಗು ಕೂತಿದೆ ಎಂದು ತಿಳಿಯಿರಿ. ಅವಳಿಗೆ ಕಲಿಸಿ ಎದ್ದುಹೋಗಿ.

ಇತಿ,
ನೇರಳೆಯ ತಾಯಿ, ಸುರಗಿಯ ಆಯಿ,
ಹೊನ್ನೆ