ನಸೀಮಾ ಕೂರಿಸಿದ ಪ್ಯಾನೆಲ್

ಗೆಳತಿ ನಸೀಮಾ,

ಸೇಡು ತೀರಿಸಿಕೊಂಡೆ ಕಣೇ. ನಿನಗೆ ಹೇಳದೆ ಇನ್ಯಾರಿಗೆ ಹೇಳಲಿ?

ತಿಪಟೂರಿನ ಆ ಕಂಪ್ಯೂಟರ್ ಸೆಂಟರಿನಲ್ಲಿ ನಾವಿಬ್ಬರೂ ಕಲಿಸುತ್ತಿದ್ದ ದಿನಗಳು ನೆನಪಿವೆಯಾ? ಕೊಬ್ಬರಿ ಮಂಡಿಯವರು ತಮ್ಮ ಹಳೇ ಕಂಪ್ಯೂಟರುಗಳನ್ನು ತಂದು, ಕನ್ನಡದಲ್ಲಿ ನಡೆಯುವಂತೆ ಮಾಡಿಕೊಡಿ ಎಂದಿದ್ದರು. ನೀನು ಪುಕ್ಕಟೆ ಸಿಗುವ ಲಿನಕ್ಸ್ ತಂತ್ರಾಂಶ ಹಾಕಿ, ಆಜ್ಞೆ ಬರೆಯುವ ಕಪ್ಪು ಟರ್ಮಿನಲ್ಲಿನಲ್ಲಿ ಒಂದೇ ಸಾಲು ಹೊಡೆದೆ. ಪರದೆಯ ಅಡಿಯಲ್ಲಿ ಸಣ್ಣದೊಂದು ಪಟ್ಟಿ, ನೀನು ಹೇಳುತ್ತಿದ್ದ ಪ್ಯಾನೆಲ್, ಮೂಡಿತು. ನೀನು ಮೊದಲೇ ಒಂದು ಫೈಲಿನಲ್ಲಿ ಬರೆದಿಟ್ಟಂತೆಯೇ ಗಡಿಯಾರ, ಮೆನು, 'ತೂಕ', 'ಪತ್ರ' ಎಂಬ ಗುಂಡಿಗಳು. "ಟೈಲರ್ ಮಗಳಲ್ವೇನೇ, ಗುಂಡಿ ಕೂರ್ಸೋದು ನಂಗೆ ಗೊತ್ತು" ಎಂದು ನೀನು ನಕ್ಕಿದ್ದೆ.

ಮೆನುವಿನ ಮೇಲೆ ನೀನು ನಿನ್ನ ಹೆಸರು ಹಾಕಿದ್ದೆ. ಸೆಂಟರಿನ ಯಜಮಾನ ರುದ್ರೇಶ್ ಅದನ್ನು ತೆಗೆಸಿ ತನ್ನ ಹೆಸರು ಹಾಕಿಸಿದ. ನೀನು ಕೇಳಿದ್ದಕ್ಕೆ, "ಸಂಬ್ಳ ತಗೊಂಡ್ಮೇಲೆ ಹೆಸ್ರೂ ಬೇಕೇನಮ್ಮ? ನಾಳೆಯಿಂದ ಬರ್ಬೇಡ" ಅಂದ. ಅದೇ ಮಳೆಗಾಲದಲ್ಲಿ ಕಾಮಾಲೆ ನಿನ್ನನ್ನು... ನಿನ್ನ ಮಣ್ಣಿಗೂ ಅವನು ಬರಲಿಲ್ಲ. ನಾನು ಮಾತ್ರ ಕೆಲಸ ಬಿಡಲಿಲ್ಲ. ಯಾಕೆ ಅಂದುಕೊಂಡೆ?

ಒಂದು ದಿನ ಅವನು ಮಂಡಿಯವರನ್ನೆಲ್ಲ ಕರೆದು, "ಇದು ನಾನೇ ಮಾಡಿದ್ದು ಕಣ್ರೀ" ಎಂದು ತೋರಿಸುತ್ತಿದ್ದ. ಕೆಂಕೆರೆಯ ವಯಸ್ಸಾದ ವ್ಯಾಪಾರಿಯೊಬ್ಬರು, "ಪಟ್ಟಿ ತಳದಾಗೈತೆ, ಕಾಣಾಕಿಲ್ಲ. ಮ್ಯಾಲಕ್ಕೆ ತನ್ನಿ" ಅಂದರು. ಫೈಲಿನಲ್ಲಿ ಒಂದು ಪದ ತಿದ್ದಿ ಮತ್ತೆ ಶುರು ಮಾಡಿದರಾಯಿತು, ಅಲ್ಲವಾ? ಅವನು ನನ್ನತ್ತ ತಿರುಗಿದ. "ಲತಾ, ನೀನ್ ಮಾಡಮ್ಮ."

"ನೀವೇ ಮಾಡಿದ್ದಲ್ವಾ ಸಾರ್? ನೀವೇ ತೋರ್ಸಿ."

ಫೈಲು ತೆರೆದು ಏನನ್ನೋ ಅಳಿಸಿ ಮತ್ತೆ ಶುರು ಮಾಡಿದ. ಪ್ಯಾನೆಲ್ಲೇ ಮಾಯ! ಖಾಲಿ ಪರದೆಯ ಮೇಲೆ ಮೌಸ್ ಒತ್ತಿದ್ದೇ ಒತ್ತಿದ್ದು. ಯಾರೋ ನಕ್ಕರು. ಅವನ ಕತ್ತಿನಿಂದ ಬೆವರಿಳಿಯುವುದನ್ನು ಕಣ್ತುಂಬ ನೋಡಿದೆ ಕಣೇ.

ಆಮೇಲೆ ನಾನು ಕಂಪ್ಯೂಟರ್ ಮುಂದೆ ಕೂತೆ. ನೀನು ಬರೆದ ಮೂಲ ಫೈಲನ್ನು ಉಳಿಸಿಕೊಂಡಿದ್ದೆ. ಪ್ಯಾನೆಲ್ ಮೇಲೆ ಬರುವಂತೆ ತಿದ್ದಿ, ಟರ್ಮಿನಲ್ಲಿನಲ್ಲಿ ಆ ಫೈಲಿನ ಹೆಸರು ಕೊಟ್ಟು ಎಬ್ಬಿಸಿದೆ. ಪರದೆಯ ನೆತ್ತಿಯಲ್ಲಿ ಬಂತು: ನಸೀಮಾ.

"ಯಾರವ್ವಾ ನಸೀಮಾ?" ಎಂದರು ವ್ಯಾಪಾರಿ. ಎಲ್ಲವನ್ನೂ ಹೇಳಿದೆ, ಅವನ ಎದುರಿಗೇ.

ಈಗ ಮಂಡಿಯವರು ಆ ಸೆಂಟರಿಗೆ ಕಾಲಿಡುತ್ತಿಲ್ಲ. ಕಳೆದ ವಾರ ಅವನೇ ಹೊನ್ನವಳ್ಳಿಗೆ, ನಮ್ಮ ಮನೆಗೆ ಬಂದಿದ್ದ. "ಬುಡಮ್ಮ, ಆಗಿದ್ದಾಯ್ತು. ಮಂಡಿಯವ್ರಿಗೆ ಒಂದ್ಮಾತು ಹೇಳು" ಅಂದ. ಕೂರಿ ಅನ್ನಲಿಲ್ಲ, ನೀರು ಕೊಡಲಿಲ್ಲ. "ಖಬರಸ್ತಾನ ಗೊತ್ತಲ್ಲ ಸಾರ್? ಅಲ್ಲೋಗಿ ಅವ್ಳನ್ನ ಕೇಳಿ" ಎಂದು ಬಾಗಿಲು ಹಾಕಿಕೊಂಡೆ.

ಅವನು ನಿನ್ನ ಹತ್ತಿರ ಬಂದರೂ ಬರಬಹುದು ನಸೀಮಾ. ನಿನ್ನದು ಮೆತ್ತನೆ ಮನಸ್ಸು, ಕ್ಷಮಿಸಿದರೆ ಕ್ಷಮಿಸು. ನಾನಂತೂ ಕ್ಷಮಿಸುವವಳಲ್ಲ.

ನಿನ್ನ ಲತಾ